ಒಂಬತ್ತನೇ ಪದರದ ಕಾಗದ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸುಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿಗೆ ನಾನು ಕೆಲಸಕ್ಕೆ ಸೇರಿದ ದಿನ, ನನ್ನ ಕೈಗೆ ಮೊದಲು ಕೊಟ್ಟದ್ದು ಒಂದು ಸೋಪು.

"ಮೊಣಕೈಗಂಟ ತೊಳ್ಕೊ. ತಲೆಗೆ ಎಣ್ಣೆ ಹಚ್ಕಂಡಿದ್ದೀಯ?" ಎಂದು ಕೇಳಿದವಳು ಅಲ್ಲಿನ ಹಿರಿಯ ಕೆಲಸಗಾರ್ತಿ. ಐವತ್ತು ದಾಟಿದ್ದ, ತೆಳ್ಳಗಿನ, ಮೂಗುಬಟ್ಟಿನ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

"ಹಚ್ಕೊಂಡಿದ್ದೀನಿ ಅಕ್ಕ."

"ನಾಳೆಯಿಂದ ಬೇಡ. ಭಾನುವಾರ ಹಚ್ಕೊ. ಕೂದ್ಲು ಮುಟ್ಟಿದ ಕೈಯಲ್ಲಿ ಪೇಪರ್ ಮುಟ್ಟಂಗಿಲ್ಲ."

ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳು ನಾನು. ಹುಲ್ಲಹಳ್ಳಿ ಪಕ್ಕದ ನಮ್ಮೂರಿಂದ ಬಸ್ಸು ಹಿಡಿದು ಬಂದಿದ್ದೆ. ಟ್ರಾನ್ಸ್‌ಫಾರ್ಮರ್ ಎಂದರೆ ಊರಾಚೆ ಎರಡು ಕಂಬಗಳ ನಡುವೆ ಕೂತು ಗುಂಯ್ ಅನ್ನುವ ಕಬ್ಬಿಣದ ಡಬ್ಬ ಅಂತಷ್ಟೇ ಗೊತ್ತಿತ್ತು. ಅದರ ಹೊಟ್ಟೆಯೊಳಗೆ ಮೊಳಗಟ್ಟಲೆ ಕಾಗದ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅಕ್ಕ ನನ್ನನ್ನು ಕಾಗದದ ಕೋಣೆಗೆ ಕರೆದುಕೊಂಡು ಹೋದಳು. ಶೆಡ್ಡಿನ ಒಳಗೇ ಇನ್ನೊಂದು ಬಾಗಿಲು ಹಾಕಿದ ಚಿಕ್ಕ ಕೋಣೆ. ಮೂಲೆಯಲ್ಲಿ ಹಗಲೂ ಬಲ್ಬೊಂದು ಉರಿಯುತ್ತಿತ್ತು, ತೇವ ಸೇರದಿರಲಿ ಅಂತ. ಗೋಡೆಗೆ ಒರಗಿ ಕಂದುಬಣ್ಣದ ಕಾಗದದ ಸುರುಳಿಗಳು ಪ್ಲಾಸ್ಟಿಕ್ ಹೊದ್ದು ನಿಂತಿದ್ದವು. ಕೋಣೆ ತುಂಬ ಹೊಸ ಹಲಗೆಯ ವಾಸನೆ. ಅವಳು ಒಂದು ಹಾಳೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು, ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. ಆಮೇಲೆ ಕಿವಿಯ ಹತ್ತಿರ ತಂದು ಒಂದು ಮೂಲೆಯನ್ನು ಮಡಚಿದಳು. ಗರಿಗರಿ ಸದ್ದು ಬಂತು.

"ಕೇಳಿಸ್ತಾ? ಇದು ಒಣಗೈತೆ. ತೇವ ಕುಡಿದಿದ್ರೆ ಹಿಂಗೆ ಮಾತಾಡಲ್ಲ, ಬಟ್ಟೆ ಹಂಗೆ ಸುಮ್ಕಾಗ್ತದೆ."

ತಾಮ್ರದ ತಂತಿಗೂ ಕಾಗದದ ಅಂಗಿ. ತಂತಿಯನ್ನು ದಪ್ಪ ರಟ್ಟಿನ ಸಿಲಿಂಡರಿನ ಮೇಲೆ ಒತ್ತೊತ್ತಾಗಿ ಒಂದು ಸಾಲು ಸುತ್ತಿದರೆ ಒಂದು ಪದರ. ಅದರ ಮೇಲೆ ಕಾಗದ, ಮತ್ತೆ ತಂತಿಯ ಪದರ, ಮತ್ತೆ ಕಾಗದ. ಹೀಗೆ ಸುತ್ತುತ್ತ ಹೋದದ್ದು ಕಾಯಿಲ್. ಹನ್ನೊಂದು ಸಾವಿರ ವೋಲ್ಟು ಆ ತಂತಿಯಲ್ಲಿ ಓಡುತ್ತದೆ. ಒಂದು ಪದರದ ಕರೆಂಟು ಪಕ್ಕದ ಪದರಕ್ಕೆ ಹಾರದ ಹಾಗೆ ತಡೆಯುವುದು ಈ ಕಾಗದ ಮತ್ತು ಅದು ಕುಡಿದು ಕೂತ ಎಣ್ಣೆ, ಅಷ್ಟೇ. ನಾನು ನಂಬದೆ ಹಾಳೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದೆ. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಡುವ ಕಾಗದಕ್ಕಿಂತ ತೆಳ್ಳಗಿತ್ತು.

ಅಕ್ಕ ಹೆಮ್ಮಿಗೆಯವಳು. ಬೆಳಗಿನ ಬಸ್ಸಿಗೆ ತಿ. ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿಗೆ ನಂಜನಗೂಡು. ಓದಿದ್ದು ನಾಲ್ಕನೇ ಕ್ಲಾಸು. ಶೆಡ್ಡಿಗೆ ಕಸ ಗುಡಿಸಲು ಬಂದವಳು ನೋಡಿ ನೋಡಿ ಕಾಯಿಲ್ ಸುತ್ತುವುದನ್ನು ಕಲಿತಿದ್ದಳಂತೆ. ನಾನು ಸೇರುವ ಹೊತ್ತಿಗೆ ಸುತ್ತುವ ವಿಭಾಗ ಪೂರ್ತಿ ಅವಳದೇ. ಅವಳ ಕೈಕೆಳಗೆ ನಾವು ಐದು ಜನ ಹೆಂಗಸರು. ಬೈಯುತ್ತಿರಲಿಲ್ಲ. ತಪ್ಪು ಕಂಡರೆ ಪಕ್ಕ ಬಂದು ನಿಂತುಕೊಳ್ಳುತ್ತಿದ್ದಳು. ಅವಳು ನಿಂತದ್ದು ಗೊತ್ತಾದ ತಕ್ಷಣ ನಮ್ಮ ಕಾಲು ತಾನಾಗಿ ಮೆಷಿನ್ನಿನ ಪೆಡಲಿನಿಂದ ಏಳುತ್ತಿತ್ತು.

ಒಂದು ಸಲ ನಮ್ಮ ಇಂಜಿನಿಯರು ಮೈಸೂರಿನಲ್ಲಿ ರಸ್ತೆ ಅಗೆದಾಗ ಸಿಕ್ಕ ಹಳೇ ಕೇಬಲ್ಲಿನ ತುಂಡೊಂದನ್ನು ತಂದಿದ್ದರು. ಮೇಲೆ ಸೀಸದ ತೊಗಲು, ಒಳಗೆ ಪಟ್ಟಿ ಪಟ್ಟಿಯಾಗಿ ಸುತ್ತಿದ ಕಾಗದ. ಅವರು ಹುಟ್ಟುವುದಕ್ಕೂ ಮೊದಲು ಹೂತದ್ದಂತೆ. ಅಕ್ಕ ಊಟದ ಹೊತ್ತಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪಟ್ಟಿ ಬಿಚ್ಚಿದಳು. ಎಣ್ಣೆಯಲ್ಲಿ ನೆನೆದು ಜೇನಿನ ಬಣ್ಣಕ್ಕೆ ತಿರುಗಿದ್ದ ಕಾಗದ ಎಳೆದರೂ ಹರಿಯಲಿಲ್ಲ.

"ಇದ್ಯಾವ ಪೇಪರ್ ಸಾ?" ಎಂದು ಇಂಜಿನಿಯರನ್ನು ಕೇಳಿದಳು.

"ಅದೂ ಮರದ ನಾರೇ. ಸೆಲ್ಯುಲೋಸ್ ಅಂತಾರೆ. ಹತ್ತಿಯಲ್ಲೂ ಅದೇ, ನಿಮ್ಮೂರ ಭತ್ತದ ಹುಲ್ಲಲ್ಲೂ ಅದೇ ಇರೋದು."

ಅಕ್ಕ ಪಟ್ಟಿಯೊಂದನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಅಯ್ಯೋ, ನಮ್ಮ ಅಸ ತಿನ್ನೋ ಉಲ್ಲು," ಅಂದಳು ಆಮೇಲೆ. ಬಿಚ್ಚಿದ ಪಟ್ಟಿಗಳನ್ನೆಲ್ಲ ಮತ್ತೆ ಹಾಗೇ ಸುತ್ತಿಟ್ಟಳು. "ಯಾರು ಸುತ್ತಿದ್ರೋ ಪುಣ್ಯಾತ್ಮರು. ಒಂದು ಸುಕ್ಕಿಲ್ಲ ನೋಡು."

ನಾನು ಸೇರಿ ಮೂರನೇ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ಹೇಳಬೇಕು. ಆ ಹೊತ್ತಿಗೆ ಹೈ ವೋಲ್ಟೇಜ್ ಕಾಯಿಲ್‌ಗಳನ್ನು ನಾನೊಬ್ಬಳೇ ಸುತ್ತಬಲ್ಲವಳಾಗಿದ್ದೆ. ಅಕ್ಕ ನನ್ನ ಮೆಷಿನ್ ಹತ್ತಿರ ಬಂದು ನಿಲ್ಲುವುದೇ ಅಪರೂಪವಾಗಿತ್ತು.

ಆ ವಾರ ಸಿಡಿಲಿಗೆ ಸುತ್ತಮುತ್ತ ಹಲವು ಟ್ರಾನ್ಸ್‌ಫಾರ್ಮರ್ ಸುಟ್ಟು, ಬದಲಿಗೆ ಕೊಡಲು ವಿದ್ಯುತ್ ಇಲಾಖೆಯ ಸ್ಟೋರಿನಲ್ಲಿ ಒಂದೂ ಉಳಿದಿರಲಿಲ್ಲ. ಲಾರಿಯಿಂದ ಇಳಿಸಿದ ಡಬ್ಬಗಳಲ್ಲಿ ಒಂದರ ಮೇಲೆ ಸೀಮೆಸುಣ್ಣದಲ್ಲಿ ನಮ್ಮೂರ ಹೆಸರಿತ್ತು. ನನಗೆ ಒಂಥರಾ ಹೆಮ್ಮೆ. ಇದನ್ನು ನಾನೇ ಸುತ್ತುತ್ತೇನೆ ಎಂದು ಅಕ್ಕನ ಹತ್ತಿರ ಕೇಳಿ ತೆಗೆದುಕೊಂಡೆ.

ನಮ್ಮೂರಿನ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟಾರು, ಹಿಟ್ಟಿನ ಗಿರಣಿ, ಮೇಲ್ಬೀದಿಯವರ ಪಂಪ್‌ಸೆಟ್ಟು ಎಲ್ಲ ಅದೇ ಟ್ರಾನ್ಸ್‌ಫಾರ್ಮರಿನ ಮೇಲಿದ್ದವು. ನಾನು ಅಲ್ಲೇ ಕೆಲಸ ಮಾಡುವುದು ಗೊತ್ತಿದ್ದರಿಂದ ಊರಿನವರು ಒಬ್ಬರಾದ ಮೇಲೊಬ್ಬರು ಫೋನು ಮಾಡತೊಡಗಿದರು. ಅವ್ವನೂ ಮಾಡಿದಳು. "ಕೆರೆ ಏರಿ ತಾವಿಂದ ನೀರು ಒತ್ತು ಒತ್ತು ಸೊಂಟ ಓಯ್ತು ಕಣವ್ವ. ಯಾವಾಗ ಕಳಿಸ್ತೀರಿ?" "ನಾಳೆ ಕಾಯಿಲ್ ಮುಗಿಸ್ತೀನಿ" ಎಂದು ಎಲ್ಲರಿಗೂ ಹೇಳಿಬಿಟ್ಟೆ.

ಕೊನೆಯ ಕಾಯಿಲ್ ಸುತ್ತುತ್ತಿದ್ದೆ. ಎಂಟು ಪದರ ಮುಗಿದು ಒಂಬತ್ತನೆಯದಕ್ಕೆ ಕಾಗದ ಹಾಕಿ ತಂತಿ ಬಿಗಿದು ಸುತ್ತತೊಡಗಿದಾಗ ಅಂಚಿನಲ್ಲಿ ಪರ್ ಅಂತ ಸಣ್ಣ ಸದ್ದು. ನೋಡಿದರೆ ಉಗುರಿನಷ್ಟು ಹರಿದಿತ್ತು. ತೆಗೆದು ಹೊಸ ಹಾಳೆ ಹಾಕಬೇಕಿತ್ತು. ಆದರೆ ಆಗಲೇ ನಾಲ್ಕು ಸುತ್ತು ತಂತಿ ಅದರ ಮೇಲೆ ಬಂದಿತ್ತು, ಟೇಬಲ್ಲಿನ ಮೇಲೆ ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಹರಿದ ತುದಿಯನ್ನು ಬೆರಳಲ್ಲಿ ಒಳಕ್ಕೆ ಮಡಚಿ ಪೆಡಲ್ ತುಳಿದೆ. ಮೇಲೆ ಇನ್ನೂ ಎಷ್ಟೋ ಪದರ ಬಂದವು. ಮುಗಿದ ಕಾಯಿಲ್ ನೋಡಲು ಚೆನ್ನಾಗಿತ್ತು. ಬೇರೆ ಕಾಯಿಲ್‌ಗಳ ಪಕ್ಕ ಇಟ್ಟರೆ ನನಗೇ ಗುರುತು ಸಿಗದಷ್ಟು.

ಮಾರನೇ ದಿನ ಹತ್ತೂವರೆಗೆ ಟೆಂಪೋ ಒಂದು ಶೆಡ್ಡಿನ ಮುಂದೆ ನಿಂತಿತು. ನಮ್ಮೂರಿನ ಏಳೆಂಟು ಜನ. ಮುಂದೆ ಇದ್ದವರು ಮೇಲ್ಬೀದಿಯ ದೊಡ್ಡ ಮನೆಯ ಯಜಮಾನರು. ನಮ್ಮಪ್ಪ ಅವರ ಗದ್ದೆಯಲ್ಲಿ ವರ್ಷಗಟ್ಟಲೆ ಕೂಲಿ ಮಾಡಿದ್ದ. ನಾವು ಕೆಳಬೀದಿಯವರು, ವಿಹಾರಕ್ಕೆ ಹೋಗುವ ಬೌದ್ಧರು. ಆ ಯಜಮಾನರು ದಾರಿಯಲ್ಲಿ ಸಿಕ್ಕರೆ ಅಪ್ಪನ ಹೆಸರು ಹೇಳಿ "ಅವನ ಮಗಳಲ್ವ" ಅನ್ನುತ್ತಿದ್ದರೇ ಹೊರತು ನನ್ನೊಂದಿಗೆ ಮಾತಾಡಿದ್ದು ನೆನಪಿಲ್ಲ.

ಅಕ್ಕ ಅವರನ್ನು ಒಳಗೆ ಕರೆದಳು. ಮುಗಿದ ಕಾಯಿಲ್‌ಗಳ ಸಾಲಿನ ಮುಂದೆ ನಿಲ್ಲಿಸಿ ಹೇಳಿದಳು: "ನೋಡ್ರಿ, ನಿಮ್ದು ಇದು. ಸುತ್ತಿರೋಳು ನಿಮ್ಮೂರ ಮಗಳೇ. ಇವಳು ಸುತ್ತಿದ್ದನ್ನ ನಾನು ತಿರುಗಿ ನೋಡಕಿಲ್ಲ. ಅಷ್ಟು ನಂಬ್ಕೆ."

ಯಜಮಾನರು ಬಗ್ಗಿ ಕಾಯಿಲ್ ನೋಡಿದರು. ನನ್ನನ್ನೂ ನೋಡಿದರು. "ಇದೆಲ್ಲಾ ನೀನೇ ಸುತ್ತಿದ್ದಾ ಕಣವ್ವ? ಭಲೇ. ನಮ್ಮೂರಿಗೇ ಎಸರು ತಂದೆ."

ನನ್ನ ಮುಖಕ್ಕೆ ರಕ್ತ ಏರಿತು. ಸಂತೋಷವೂ ಆಯಿತು, ಸುಳ್ಳು ಹೇಳಲಾರೆ. ಆದರೆ ಅಕ್ಕ "ತಿರುಗಿ ನೋಡಕಿಲ್ಲ" ಅಂದಿದ್ದಳಲ್ಲ, ಆ ಮಾತನ್ನು ನುಂಗಿಕೊಂಡು ಅಲ್ಲಿ ನಿಲ್ಲಲು ಆಗಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಶೆಡ್ಡಿನ ಟೆಸ್ಟಿನಲ್ಲಿ ಅದು ಪಾಸಾಗಿಯೂಬಿಡಬಹುದಿತ್ತು. ಮುಂದೆ ಎಂದೋ ಸುಟ್ಟರೆ ಸಿಡಿಲಿನ ಮೇಲೆ ಹೋಗುತ್ತಿತ್ತು.

ಅಕ್ಕನ ಸೆರಗು ಹಿಡಿದು ಕಾಗದದ ಕೋಣೆಗೆ ಎಳೆದುಕೊಂಡು ಹೋದೆ. ಬಾಗಿಲು ಮುಚ್ಚಿದೆ.

"ಅಕ್ಕ, ಕೊನೇ ಕಾಯಿಲ್‌ನಲ್ಲಿ ಪೇಪರ್ ಹರಿದಿತ್ತು. ಮಡಚಿ ಸುತ್ತಿಬಿಟ್ಟೆ."

ಅವಳು ನನ್ನನ್ನು ದಿಟ್ಟಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಯಾವ ಪದರ?"

"ಒಂಬತ್ತನೇದು."

"ನಡೂಲೋ ಅಂಚಲ್ಲೋ?"

"ಅಂಚಲ್ಲಿ."

ಅಂಚಿನಲ್ಲೇ ಕರೆಂಟಿನ ಜೋರು ಹೆಚ್ಚು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ತಲೆಯಾಡಿಸಿ, ಗೂಟದಲ್ಲಿದ್ದ ಕತ್ತರಿ ತೆಗೆದುಕೊಂಡು ಹೊರಗೆ ಬಂದಳು. ಕಾಯುತ್ತಿದ್ದವರ ಮುಂದೆ ನಿಂತು, "ಸಾ, ಇನ್ನೂ ಎರಡು ದಿನ ಜಾಸ್ತಿ ಬೇಕು. ಒಂದು ಕಾಯಿಲ್ ಬಿಚ್ಚಬೇಕು," ಅಂದಳು.

ಗದ್ದಲ ಎದ್ದಿತು. "ಈಗ ತಾನೆ ಮುಗೀತು ಅಂದ್ರಿ," ಅಂದರು ಒಬ್ಬರು. "ಹೆಂಗಸ್ರು ನೀರಿಗೆ ಸಾಯ್ತಾವ್ರೆ," ಅಂದರು ಇನ್ನೊಬ್ಬರು. ಸದ್ದು ಕೇಳಿ ಶೆಡ್ಡಿನ ಮಾಲೀಕರೂ ಆಫೀಸಿನಿಂದ ಎದ್ದು ಬಂದರು. "ಏನಮ್ಮಾ ಆಯ್ತು?"

"ನನ್ನ ಕಡೆಯಿಂದ ಒಂದು ತಪ್ಪಾಗೈತೆ ಸಾ," ಎಂದು ಅಕ್ಕ ಶುರು ಮಾಡಿದಳು.

ಅವಳ ಕಡೆಯಿಂದ! ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. "ಅಕ್ಕನದಲ್ಲ, ತಪ್ಪು ನಂದು," ಅಂದೆ. "ಕಾಗದ ಹರಿದದ್ದು ಗೊತ್ತಿದ್ದೂ ಸುತ್ತಿದೆ. ಬೇಗ ಮುಗಿಸೋಣ ಅಂತ."

ಯಜಮಾನರ ಮುಖದಲ್ಲಿ ಮೊದಲಿದ್ದ ಮೆಚ್ಚುಗೆ ಇರಲಿಲ್ಲ. "ಒಂದು ಚೂರು ಪೇಪರ್ ಅರಿದ್ರೆ ಏನವ್ವಾ ಆಗದು? ಕಬ್ಬಿಣ ತಾಮ್ರ ಎಲ್ಲಾ ಸರಿಗೈತಲ್ಲ?" ಎಂದು ಕೇಳಿದರು.

ಅದಕ್ಕೆ ಉತ್ತರ ಕೊಟ್ಟದ್ದು ಅಕ್ಕ. ಅವರನ್ನು ಶೆಡ್ಡಿನ ಹಿಂಬದಿಗೆ ಕರೆದುಕೊಂಡು ಹೋದಳು. ನಮ್ಮೂರ ಟ್ರಾನ್ಸ್‌ಫಾರ್ಮರಿನಿಂದ ತೆಗೆದ ಸುಟ್ಟ ಕಾಯಿಲ್ ಅಲ್ಲಿ ಬಿದ್ದಿತ್ತು. ಅದರ ಒಂದು ಬದಿ ಇದ್ದಿಲಾಗಿತ್ತು. ಅವಳು ಅಲ್ಲಿಂದ ಒಂದು ಚೂರು ಕಾಗದ ಎತ್ತಿ ಯಜಮಾನರ ಅಂಗೈ ಮೇಲಿಟ್ಟಳು. ಅವರು ಬೆರಳು ತಾಗಿಸಿದ್ದೇ ಅದು ಹಪ್ಪಳದ ಹಾಗೆ ಪುಡಿಯಾಯಿತು.

"ತಾಮ್ರಕ್ಕೆ ಏನೂ ಗೊತ್ತಾಗಕಿಲ್ಲ ಸಾ. ಅದು ಎಲ್ಲಿ ಬಿಟ್ರೂ ಓಡ್ತದೆ. ಇಲ್ಲಿ ನಿಂತ್ಕೊ, ಆ ಕಡೆ ಓಗ್ಬೇಡ ಅಂತ ಹೇಳೋದು ಪೇಪರೇ. ಅದು ಒಂದು ಕಡೆ ಸೋತ್ರೆ ಇಡೀ ಡಬ್ಬ ಸೋಲ್ತದೆ. ಎರಡು ದಿನ ಬೇಡ ಅಂದ್ರೆ ಹಂಗೇ ತಗಂಡೋಗಿ. ಆದ್ರೆ ನಾನು ಕೈ ಇಟ್ಟು ಕಳಿಸಕಿಲ್ಲ."

ಯಜಮಾನರು ಅಂಗೈಯ ಕರಿಯನ್ನು ನೋಡುತ್ತ ನಿಂತರು. ಪಂಚೆಗೆ ಒರೆಸಿಕೊಳ್ಳಲೂ ಮರೆತಂತಿತ್ತು. ಕೊನೆಗೆ, "ಬಿಚ್ಚವ್ವ, ಬಿಚ್ಚು," ಅಂದರು. ತಮ್ಮವರ ಕಡೆ ತಿರುಗಿ, "ನಡೀರ್ಲಾ. ಎರಡು ದಿನ ಟ್ರ್ಯಾಕ್ಟರಲ್ಲಿ ಟ್ಯಾಂಕರ್ ಕಟ್ಕಂಡು ನೀರು ತರೋಣ. ಎರಡೂ ಬೀದಿಗೂ ನಿಲ್ಲಿಸ್ಬೇಕು," ಎಂದರು.

ಮಾಲೀಕರು ಹಣೆ ಒತ್ತಿಕೊಂಡು ಆಫೀಸಿಗೆ ಹೋದವರು ಬಾಗಿಲಲ್ಲಿ ನಿಂತು, "ಬಿಚ್ಚೋದೇ ಆದ್ರೆ ಈಗಲೇ ಶುರು ಮಾಡಿ," ಎಂದರು.

ಕಾಯಿಲನ್ನು ಮತ್ತೆ ಮೆಷಿನ್ನಿಗೆ ಹತ್ತಿಸಿ ತಿರುವುಮುರುವಾಗಿ ಬಿಚ್ಚತೊಡಗಿದೆ. ಸುತ್ತುವುದಕ್ಕಿಂತ ಬಿಚ್ಚುವುದು ಕಷ್ಟ, ಮನಸ್ಸಿಗೂ ಕೈಗೂ. ಪದರ ಪದರವಾಗಿ ನನ್ನ ಒಂದು ದಿನದ ಕೆಲಸ ನೆಲದ ಮೇಲೆ ಸಿಂಬಿಯಾಗಿ ಬೀಳುತ್ತಿತ್ತು. ಒಂಬತ್ತನೇ ಪದರದ ತಂತಿ ಸರಿದಾಗ ಕಾಗದ ಕಾಣಿಸಿತು. ನಾನು ಮಡಚಿದ್ದು ಉಗುರಿನಷ್ಟನ್ನು. ಈಗ ನೋಡಿದರೆ ಬೆರಳುದ್ದ ಸೀಳಿತ್ತು. ಮೇಲೆ ಬಿದ್ದ ತಂತಿಯ ಬಿಗಿಗೆ ಅದು ಒಳಗೊಳಗೇ ಹರಿಯುತ್ತ ಹೋಗಿತ್ತು. ಅಕ್ಕ ಆ ಹಾಳೆಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟು, "ಬೆಳಕಿಗೆ ಹಿಡಿ," ಅಂದಳು. ಹಿಡಿದೆ. ಸೀಳಿನಿಂದ ಕಿಟಕಿಯ ಬೆಳಕು ನೇರ ಕಣ್ಣಿಗೆ ಬಡಿಯಿತು.

ಬಿಚ್ಚಿದ ತಂತಿಯ ಕಾಗದ ಉಜ್ಜಿ ಹೋಗಿದ್ದರಿಂದ ಅದನ್ನು ಮತ್ತೆ ಬಳಸುವಂತಿರಲಿಲ್ಲ. ಹೊಸ ತಂತಿ, ಹೊಸ ಕಾಗದ, ಹೊಸ ಸಿಲಿಂಡರು ತಂದು ಮೊದಲಿಂದ ಶುರು ಮಾಡಿದೆ. ಅಕ್ಕ ಇನ್ನೊಬ್ಬಳಿಗೆ ಒಪ್ಪಿಸಬಹುದಿತ್ತು. "ನೀನೇ ಸುತ್ತು," ಅಂದಳು. ತಾನು ಪಕ್ಕದ ಸ್ಟೂಲಿನ ಮೇಲೆ ಕೂತು ನನಗೆ ಬೇಕಾದ ಅಳತೆಗೆ ಕಾಗದ ಕತ್ತರಿಸಿ ಕೊಡುತ್ತ ಹೋದಳು. ಇಡೀ ವಿಭಾಗದ ಮೇಲ್ವಿಚಾರಕಿ, ಹೊಸದಾಗಿ ಸೇರಿದವರು ಮಾಡುವ ಕೆಲಸ ಮಾಡುತ್ತ ನನ್ನ ಪಕ್ಕ ಕೂತಿದ್ದಳು. ಅವಳ ಕತ್ತರಿ ಎಲ್ಲೂ ನಿಂತು ಹೊರಡುತ್ತಿರಲಿಲ್ಲ. ಅಂಚು ಅಲುಗಿನಷ್ಟು ನೇರ. ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು, ಕಿವಿಗೆ ಹಿಡಿದು, ಆಮೇಲೆ ಕೊಡುತ್ತಿದ್ದಳು. ನಾನು ಅಷ್ಟು ವರ್ಷ ಅವಳ ಜೊತೆ ಕೆಲಸ ಮಾಡಿದ್ದರೂ ಅವಳ ಕೈಯನ್ನು ಸರಿಯಾಗಿ ನೋಡಿದ್ದು ಅವತ್ತು. ಬೆರಳ ತುದಿಗಳೆಲ್ಲ ಕಾಗದ ಕೊಯ್ದ ಸಣ್ಣ ಸಣ್ಣ ಗೆರೆಗಳು.

ಮಧ್ಯೆ ಒಮ್ಮೆ ಕೇಳಿದೆ: "ತಪ್ಪು ನಿಮ್ಮದು ಅಂತ ಯಾಕೆ ಹೇಳೋಕೆ ಹೋದ್ರಿ?"

"ತಿರುಗಿ ನೋಡಕಿಲ್ಲ ಅಂದೋಳು ನಾನೇ ತಾನೆ? ನೋಡ್ಬೇಕಿತ್ತು. ನಾಳೆಯಿಂದ ಎಲ್ಲಾರ್ದೂ ನೋಡ್ತೀನಿ. ನೀನು ನಂದು ನೋಡು."

ಅವಳು ಹೇಳಿದಂತೆಯೇ ಮಾಡಿದಳು. ಮಾರನೇ ದಿನದಿಂದ ಯಾರು ಸುತ್ತಿದರೂ ಪ್ರತಿ ಪದರಕ್ಕೆ ಇನ್ನೊಬ್ಬರು ಬಂದು ಕಾಗದ ನೋಡಿ ಸರಿ ಅಂದ ಮೇಲೇ ಮುಂದಿನ ಪದರ. ಅವಳು ಸುತ್ತುವಾಗ ನಾನು ನಿಂತು ನೋಡುತ್ತಿದ್ದೆ. ಒಂದೇ ಒಂದು ಸುಕ್ಕು ಹುಡುಕಲು ಎಷ್ಟು ಪ್ರಯತ್ನಪಟ್ಟರೂ ನನಗೆ ಸಿಗಲಿಲ್ಲ.

ಕಾಯಿಲ್‌ಗಳನ್ನು ಡಬ್ಬದೊಳಗೆ ಕೂರುವ ಕಬ್ಬಿಣದ ಚೌಕಟ್ಟಿನ ಕಾಲುಗಳಿಗೆ ಇಳಿಸಿ, ಇಡೀ ಜೋಡಣೆಯನ್ನು ಬಿಸಿಗಾಳಿಯ ಒಲೆಯೊಳಗೆ ತಳ್ಳಿದೆವು. ಕಾಗದ ಎಷ್ಟೇ ಒಣಗಿದೆ ಅಂದುಕೊಂಡರೂ ಗಾಳಿಯಿಂದ ನೀರು ಕುಡಿದೇ ಇರುತ್ತದೆ. ಅದನ್ನು ಓಡಿಸಬೇಕು. ಕಾಗದ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಮೆಗ್ಗರ್ ಎನ್ನುವ ಮೀಟರಿನಲ್ಲಿ ಗಂಟೆಗೊಮ್ಮೆ ನೋಡುತ್ತಾರೆ. ಬಿಸಿ ಏರುವಾಗ ಮೊದಲು ರೀಡಿಂಗ್ ಇಳಿಯುತ್ತದೆ, ಆಮೇಲೆ ಏರುತ್ತದೆ, ಪೂರ್ತಿ ಒಣಗಿದ ಮೇಲೆ ಏರದೆ ಒಂದೇ ಕಡೆ ನಿಲ್ಲುತ್ತದೆ. ಒಲೆಗೆ ಹಾಕಿದ ಎರಡನೇ ದಿನ ಬೆಳಿಗ್ಗೆ ಇಂಜಿನಿಯರು, "ಬೇಕಾದಷ್ಟು ಬಂದಿದೆ, ತೆಗೀಬಹುದು," ಅಂದರು.

"ಇನ್ನೂ ಏರ್ತಾ ಐತಲ್ಲ ಸಾ. ಏರ್ತಾ ಐತೆ ಅಂದ್ರೆ ನೀರು ಇನ್ನೂ ಈಚೆಗೆ ಬರ್ತಾ ಐತೆ," ಅಂದಳು ಅಕ್ಕ.

ಅವರು ಮೀಟರನ್ನೂ ಅವಳನ್ನೂ ನೋಡಿ ನಕ್ಕು, "ಆಯ್ತು, ನಿಮ್ಮ ಮಾತೇ ಆಗಲಿ," ಎಂದರು. ಮಧ್ಯಾಹ್ನದ ಊಟವಾದ ಮೇಲೆ ಮುಳ್ಳು ನಿಂತಿತು. ಬಿಸಿ ಆರುವ ಮೊದಲೇ ಎಣ್ಣೆಯಲ್ಲಿ ಮುಳುಗಿಸಿದೆವು. ಒಣಗಿದ ಕಾಗದ ಎಣ್ಣೆ ಕುಡಿಯುತ್ತ ಸಣ್ಣ ಸಣ್ಣ ಗುಳ್ಳೆ ಬಿಡುವುದನ್ನು ನೋಡುತ್ತ ನಿಂತೆ. ಟೆಸ್ಟುಗಳೆಲ್ಲ ಒಂದೇ ಸಲಕ್ಕೆ ಪಾಸಾದವು.

ಕಂಬಕ್ಕೆ ಏರಿಸುವ ದಿನ ಅಕ್ಕ ರಜೆ ಹಾಕಿ ನಮ್ಮೂರಿಗೆ ಬಂದಳು. ಹುಲ್ಲಹಳ್ಳಿ ಕಡೆ ಅವಳು ಬಂದದ್ದು ಅದೇ ಮೊದಲು. ನಾಲೆ ಬದಿಯ ಗದ್ದೆ ನೋಡುತ್ತ, "ನಮ್ಮೂರ ಭೂಮಿ ಹಂಗೇ ಐತೆ ಕಣೆ," ಅಂದಳು. ಲೈನ್‌ಮ್ಯಾನ್ ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ ಎಳೆದ. ಗುಂಯ್ ಸದ್ದು ಶುರುವಾಯಿತು, ಸಮನಾಗಿ, ಎಲ್ಲೂ ತಡವರಿಸದೆ. ಸ್ವಲ್ಪ ಹೊತ್ತಿಗೆ ಗಿರಣಿಯ ಕಡೆಯಿಂದ ಬೆಲ್ಟು ತಿರುಗುವ ಶಬ್ದ ಬಂತು. ಅವ್ವ ಖಾಲಿ ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತವಳು ಅಲ್ಲಿಂದಲೇ ಕೂಗಿದಳು: "ಬಂತು ಕಣವ್ವೋ!"

ಯಜಮಾನರು ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸಿದರು. ಅವರ ಹೆಂಡತಿ ಸ್ಟೀಲಿನ ಲೋಟದಲ್ಲಿ ಕಾಫಿ ತಂದುಕೊಟ್ಟರು, ಎಲ್ಲರಿಗೂ ಒಂದೇ ಥರದ ಲೋಟ. ಆ ಜಗಲಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಏನೂ ಆಗಿಲ್ಲವೆಂಬಂತೆ ಕಾಫಿ ಕುಡಿದೆ. ಬೀದಿಯಲ್ಲಿ ಹೋಗುತ್ತಿದ್ದ ಅಪ್ಪ ನನ್ನನ್ನು ನೋಡಿ ನಿಂತ. ಯಜಮಾನರು, "ಬಾಪ್ಪ, ನೀನೂ ಕೂತ್ಕೊ," ಅಂದರು. ಅಪ್ಪ ಕೂರಲಿಲ್ಲ, ಹೋಗಲೂ ಇಲ್ಲ. ಬೀದಿ ದೀಪದ ಕಂಬಕ್ಕೆ ಒರಗಿ ನನ್ನ ಲೋಟ ಖಾಲಿಯಾಗುವ ತನಕ ನಿಂತಿದ್ದ. ಮನೆಗೆ ಹೋಗುವಾಗ, "ನೀನು ತಪ್ಪು ಒಪ್ಕಂಡಿದ್ದನ್ನೇ ಅವರು ಊರೆಲ್ಲ ಏಳ್ಕಂಡು ಬಂದವ್ರೆ," ಅಂದ. ಬೈಯುತ್ತಿದ್ದಾನೋ ಹೊಗಳುತ್ತಿದ್ದಾನೋ ತಿಳಿಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವನ ಹಾಗೆ, "ಒಳ್ಳೇದಾಯ್ತು," ಅಂದ.

ಆ ಟ್ರಾನ್ಸ್‌ಫಾರ್ಮರು ಇವತ್ತಿನವರೆಗೂ ಶೆಡ್ಡಿಗೆ ವಾಪಸು ಬಂದಿಲ್ಲ.

ಅಕ್ಕ ಆಮೇಲೆ ಆರು ವರ್ಷ ಶೆಡ್ಡಿನಲ್ಲಿದ್ದಳು. ಕಣ್ಣು ಮಂಜಾದ ಮೇಲೆ ತಾನೇ ಕೆಲಸ ನಿಲ್ಲಿಸಿದಳು. ಬೇಕಾದರೆ ಸುಮ್ಮನೆ ಮೇಲ್ವಿಚಾರಣೆ ನೋಡಿಕೊಂಡಿರಿ ಎಂದು ಮಾಲೀಕರು ಎಷ್ಟು ಹೇಳಿದರೂ ಒಪ್ಪಲಿಲ್ಲ. "ಕಣ್ಣಿಗೆ ಕಾಣ್ದಿದ್ದನ್ನ ಸರಿ ಐತೆ ಅಂತ ಎಂಗೆ ಏಳದು ಸಾ?" ಎಂದಳು. ಕೊನೆಯ ದಿನ ಹಾರ ಹಾಕೋಣ ಎಂದುಕೊಂಡಿದ್ದೆವು. ಅವಳು ಐದು ಗಂಟೆಯವರೆಗೂ ಕಾಗದ ಕತ್ತರಿಸಿ, ಉಳಿದ ಸುರುಳಿಗೆ ಪ್ಲಾಸ್ಟಿಕ್ ಹೊದಿಸಿ, ಹಾರ ಹಾಕಿಸಿಕೊಂಡದ್ದು ಗೇಟಿನ ಹತ್ತಿರ, ಬಸ್ಸಿಗೆ ಹೊತ್ತಾಯಿತು ಅನ್ನುತ್ತ.

ಈಗ ಸುತ್ತುವ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಹೆಮ್ಮಿಗೆಗೆ ಹೋಗುತ್ತೇನೆ. ಹೋದ ಸಲ ಅವಳಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನನ್ನನ್ನು ನೋಡಿ ಕೈ ಒರೆಸಿಕೊಂಡು ಬಂದಳು. ಈಗ ಎಷ್ಟು ಜನ ಇದ್ದೀರಿ, ಯಾರು ಯಾರ ಕೆಲಸ ನೋಡುತ್ತೀರಿ ಎಂದು ಕೂರುವ ಮುಂಚೆಯೇ ಕೇಳಿದಳು. ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಕಾಯಿಲ್‌ನಲ್ಲೇ ಒಂದು ಸುಕ್ಕು ಹಿಡಿದಳು, ನಾನೇ ಬಿಚ್ಚಿ ಸುತ್ತಿದೆ ಎಂದು ಹೇಳಿದೆ.

"ಆ ಹುಡ್ಗೀನ ಬಿಡ್ಬೇಡ," ಅಂದಳು. ಜೋರಾಗಿ ನಕ್ಕು, ಒಳಗೆ ನನಗೆ ಮಜ್ಜಿಗೆ ತರಲು ಹೋದಳು.